ಬಿಸಿಲಿನ ನೀರುಗಂಟಿ

ಕೆರೆಯ ಕೆಳಗೆ ಗದ್ದೆಗಳಿರುವ ಊರುಗಳಲ್ಲಿ ಹಿಂದೆ ನೀರುಗಂಟಿ ಎಂಬ ಕೆಲಸಗಾರನಿರುತ್ತಿದ್ದನು. ತೂಬನ್ನು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ನೀರು ಸಲ್ಲಬೇಕೆಂದು ನೋಡಿ ಬಿಡುವುದು ಅವನ ಹೊಣೆ. ನೀರು ಹೆಚ್ಚಾದರೆ ಪೈರು ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ. ಜಾಣನಾದ ನೀರುಗಂಟಿ ತೂಬಿನ ಬಳಿ ಕುಳಿತು ಲೆಕ್ಕ ಹಾಕುತ್ತಿರಲಿಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ ಕಾಲುವೆಯುದ್ದಕ್ಕೂ ನಡೆದು, ಕೊನೆಯ ಗದ್ದೆಯ ಬದುವಿನ ಮೇಲೆ ನಿಂತು, ಅಲ್ಲಿ ನೀರೆಷ್ಟು ನಿಂತಿದೆಯೆಂದು ಕಣ್ಣಾರೆ ಕಂಡು ತೀರ್ಮಾನಿಸುತ್ತಿದ್ದನು. ತೂಬಿನಿಂದ ಹೊರಟ ನೀರೆಲ್ಲ ಗದ್ದೆಯನ್ನು ಸೇರುವುದಿಲ್ಲವೆಂಬುದು ಅವನು ಅನುಭವದಿಂದ ಕಲಿತ ಪಾಠ.

ಇಂಥದೇ ಕೆಲಸವನ್ನು ಮಾಡುವ ಒಂದು ಸಣ್ಣ ಯಂತ್ರವುಂಟು. ಅದು ಹಂಚುವುದು ನೀರನ್ನಲ್ಲ, ಬಿಸಿಲಿನಿಂದ ಹುಟ್ಟಿದ ವಿದ್ಯುತ್ತನ್ನು. ಅದಕ್ಕೆ ಚಾರ್ಜ್ ಕಂಟ್ರೋಲರ್ ಎಂದು ಹೆಸರು. ಕನ್ನಡದಲ್ಲಿ ಸರಳವಾಗಿ ನಿಯಂತ್ರಕ ಎನ್ನಬಹುದು. ಅಂಗೈಯಗಲದ ಈ ಪೆಟ್ಟಿಗೆಯನ್ನು ಎಲ್ಲಿ ನಿಲ್ಲಿಸಬೇಕು? ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ಊರಿನಿಂದ ದೂರದಲ್ಲಿ, ವಿದ್ಯುತ್ ಕಂಬವೇ ಇಲ್ಲದ ಬಯಲಿನಲ್ಲಿ ರಾತ್ರಿ ಕಳೆಯುವವರಿಗೆ ಅದರ ಉತ್ತರ ಬಹು ಮುಖ್ಯವಾದುದು.

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಎಂಬ ವಿಜ್ಞಾನಿ 1839ರಲ್ಲಿಯೇ ಕಂಡುಕೊಂಡನು. ಆ ವಿದ್ಯುತ್ತು ಬಳಕೆಗೆ ಬರಲು ನೂರು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ ಎಂಬ ಮೂವರು ಸಿಲಿಕಾನಿನಿಂದ ಸೌರಕೋಶವೊಂದನ್ನು ರಚಿಸಿದರು. ಅದರ ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು ಆರು ಪಾಲು ವಿದ್ಯುತ್ತಾಗುತ್ತಿತ್ತು. ಇಂದು ಮನೆಯ ಮಾಡಿನ ಮೇಲೆ ಕಾಣುವ ಫಲಕಗಳಲ್ಲಿ ಆ ಪಾಲು ನೂರಕ್ಕೆ ಇಪ್ಪತ್ತರ ಆಸುಪಾಸಿಗೆ ಏರಿದೆ. ವಿದ್ಯುತ್ತನ್ನು ಕೂಡಿಡುವ ಸೀಸ-ಆಮ್ಲದ ಬ್ಯಾಟರಿಯಾದರೋ ಇನ್ನೂ ಹಳೆಯದು. ಅದನ್ನು 1859ರಲ್ಲಿ ನಿರ್ಮಿಸಿದವನು ಗ್ಯಾಸ್ಟನ್ ಪ್ಲಾಂಟೆ. ಫಲಕವು ಕೆರೆಯಾದರೆ ಬ್ಯಾಟರಿಯು ಗದ್ದೆ; ಇವೆರಡರ ನಡುವಿನ ತಂತಿಯೇ ಕಾಲುವೆ. ನೀರುಗಂಟಿಯ ಸ್ಥಾನದಲ್ಲಿರುವುದು ನಿಯಂತ್ರಕ.

ಅಮೆರಿಕದ ಅರಿಜೋನ ರಾಜ್ಯದ ಪಶ್ಚಿಮದಂಚಿನಲ್ಲಿ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಊರಿದೆ. ಸುತ್ತಲೂ ಮರುಭೂಮಿ, ಕಲ್ಲು, ಕುರುಚಲು, ಕಂಬದಂತೆ ನಿಂತ ಕಳ್ಳಿಗಳು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಸೇನೆಯವರು ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿ ಪ್ರಯೋಗಿಸಿದ್ದರು. ಆ ಒಂಟೆಗಳೊಂದಿಗೆ ಪಶ್ಚಿಮ ಏಷ್ಯಾದಿಂದ ಬಂದ ಹಾಜಿ ಅಲಿಯ ಸಮಾಧಿ ಇಲ್ಲಿಯೇ ಇದೆ. ಅವನು ತೀರಿಕೊಂಡದ್ದು 1902ರಲ್ಲಿ. ಪಿರಮಿಡ್ಡಿನ ಆಕಾರದ ಆ ಗೋರಿಯ ತುದಿಯಲ್ಲಿ ಲೋಹದ ಒಂಟೆಯೊಂದು ನಿಂತಿದೆ. ದೂರ ಪ್ರಯಾಣ ಮಾಡುವವನು ತನಗೆ ಬೇಕಾದುದನ್ನು ತಾನೇ ಹೊತ್ತು ನಡೆಯಬೇಕೆಂದು ಆ ಒಂಟೆ ಸಾರುವಂತಿದೆ.

ಈಗ ಅಲ್ಲಿಗೆ ಬರುವವರು ಒಂಟೆಯ ಸವಾರರಲ್ಲ. ಉತ್ತರದ ಹಿಮವನ್ನು ತಾಳಲಾರದ ವೃದ್ಧರು ವಲಸೆಯ ಹಕ್ಕಿಗಳಂತೆ ಚಳಿಗಾಲಕ್ಕೆ ಅಲ್ಲಿಗಿಳಿಯುತ್ತಾರೆ. ಊರಿನ ಹೊರಗೆ ಸರ್ಕಾರಿ ಭೂಮಿಯಲ್ಲಿ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಅನುಮತಿ ಪಡೆದವರು ದೀರ್ಘಕಾಲ ಬಿಡಾರ ಹೂಡಬಹುದು. ಅಲ್ಲಿ ಬಿಡಾರದ ಪಕ್ಕಕ್ಕೆ ವಿದ್ಯುತ್ತಿನ ಸಂಪರ್ಕವಿಲ್ಲ. ಇರುವುದು ಆಕಾಶ ಮತ್ತು ಧಾರಾಳವಾದ ಬಿಸಿಲು.

ಬಂದವರಲ್ಲಿ ಕೆಲವರದು ಬಸ್ಸಿನಂಥ ದೊಡ್ಡ ವಾಹನ. ಇನ್ನು ಕೆಲವರದು ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಗಾಡಿಮನೆ. ನೀರಿನ ಹನಿಯ ಆಕಾರದ ಇಂಥ ಗಾಡಿಗಳನ್ನು ಅಮೆರಿಕದ ಸಾಮಾನ್ಯ ಜನರು 1930ರ ದಶಕದಿಂದಲೂ ತಮ್ಮ ಮನೆಗಳಲ್ಲಿಯೇ ಕಟ್ಟಿಕೊಳ್ಳುತ್ತ ಬಂದಿದ್ದಾರೆ. ಉದ್ದ ಎಂಟು ಹತ್ತು ಅಡಿ. ಅಗಲ ನಾಲ್ಕೈದು ಅಡಿ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ. ಹಿಂಬದಿಯ ಮುಚ್ಚಳವನ್ನು ಮೇಲೆತ್ತಿದರೆ ಅಡುಗೆಯ ಕಟ್ಟೆ. ಎತ್ತಿನ ಗಾಡಿಗೆ ಮೂಕಿಯಿರುವಂತೆ ಇದಕ್ಕೂ ಮುಂದೆ ಚಾಚಿದ ಕಬ್ಬಿಣದ ಮೂಕಿಯಿರುತ್ತದೆ. ಬ್ಯಾಟರಿಯ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಕೂಡಿಸುವುದು ಆ ಮೂಕಿಯ ಮೇಲೆ. ಸೌರಫಲಕಗಳಿಗೆ ಮಾಡೇ ಸ್ಥಳ.

ಇಂಥದೊಂದು ಗಾಡಿಯನ್ನೂ ಅದರಲ್ಲಿ ವಾಸಿಸುವ ವೃದ್ಧ ದಂಪತಿಗಳನ್ನೂ ಕಲ್ಪಿಸಿಕೊಂಡರೆ ವಿಷಯವು ಸುಲಭವಾಗಿ ಮನದಟ್ಟಾಗುತ್ತದೆ. ಗಂಡನಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ. ವೈದ್ಯರ ಸಲಹೆಯಂತೆ ಅವರು ಮೂಗಿಗೆ ಮುಖವಾಡ ಧರಿಸಿ ಮಲಗುತ್ತಾರೆ. ಒಂದು ಸಣ್ಣ ಯಂತ್ರವು ರಾತ್ರಿಯಿಡೀ ಒತ್ತಡದಿಂದ ಗಾಳಿಯನ್ನೂದಿ ಉಸಿರಿನ ದಾರಿಯನ್ನು ತೆರೆದಿಡುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತನ್ನು ಕೊಡುವುದು ಮೂಕಿಯ ಮೇಲಿನ 12 ವೋಲ್ಟಿನ ಬ್ಯಾಟರಿ. ಮಾಡಿನ ಮೇಲೆ ತಲಾ 100 ವ್ಯಾಟಿನ ಎರಡು ಫಲಕಗಳಿವೆ. ನಿಯಂತ್ರಕವನ್ನು ಹಿಂಬದಿಯ ಅಡುಗೆಕಟ್ಟೆಯ ಮೇಲ್ಗಡೆ ಜೋಡಿಸಲಾಗಿದೆ. ಅಲ್ಲಿ ಅದರ ಅಂಕಿಗಳು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ಕಾಫಿ ಕಾಸುವಾಗ ನೋಡಬಹುದು. ಮಾಡಿನಿಂದಿಳಿದ ತಂತಿಗೂ ಅದು ಹತ್ತಿರ.

ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿತ್ತು. ಬರಬರುತ್ತ ಯಂತ್ರವು ಬೆಳಗಿನ ಜಾವಕ್ಕೆ ನಿಲ್ಲತೊಡಗಿತು. ಒಂದು ರಾತ್ರಿ ಮೂರು ಗಂಟೆಗೆ ಹೆಂಡತಿಗೆ ಎಚ್ಚರವಾಯಿತು. ಅವರನ್ನು ಎಬ್ಬಿಸಿದ್ದು ಯಾವ ಸದ್ದೂ ಅಲ್ಲ; ಯಂತ್ರದ ಎಂದಿನ ಸದ್ದು ಇಲ್ಲದಿದ್ದುದೇ ಅವರನ್ನು ಎಬ್ಬಿಸಿತು. ಪಕ್ಕದಲ್ಲಿ ಗಂಡನ ಉಸಿರು ತಡೆತಡೆದು ಬರುತ್ತಿತ್ತು. ಅವರನ್ನು ಎಬ್ಬಿಸಿ ಕುಳ್ಳಿರಿಸಿದರು. ಬೆಳಗಾಗುವವರೆಗೆ ಇಬ್ಬರೂ ಮಲಗಲಿಲ್ಲ.

ಹಿಂದಿನ ಸಂಜೆ ನಿಯಂತ್ರಕವು ‘ಬ್ಯಾಟರಿ ತುಂಬಿದೆ’ ಎಂದು ತೋರಿಸಿತ್ತು. ಹಾಗಾದರೆ ತುಂಬಿದ ಬ್ಯಾಟರಿ ರಾತ್ರಿ ಕಳೆಯುವ ಮುನ್ನವೇ ಬರಿದಾದುದು ಹೇಗೆ? ಬ್ಯಾಟರಿ ಹಳತಾಯಿತೆಂದು ಗಂಡನ ಊಹೆ. ಹೆಂಡತಿ ಊಹೆಗೆ ಒಪ್ಪದೆ ಅಳೆದು ನೋಡಲು ಹೊರಟರು. ಮಧ್ಯಾಹ್ನ ಬಿಸಿಲು ನೆತ್ತಿಗೇರಿದಾಗ ವೋಲ್ಟ್‌ಮೀಟರನ್ನು ಹಿಡಿದು ಮೊದಲು ನಿಯಂತ್ರಕದ ತುದಿಗಳಲ್ಲಿ ಅಳೆದರು: 14.40 ವೋಲ್ಟ್. ಒಡನೆಯೇ ಗಾಡಿಯ ಮುಂದಕ್ಕೆ ಬಂದು ಬ್ಯಾಟರಿಯ ತುದಿಗಳಲ್ಲಿ ಅಳೆದರು: 14.06 ವೋಲ್ಟ್. ಎರಡು ಅಂಕಿಗಳ ನಡುವಣ ಈ ಅಂತರದಲ್ಲಿಯೇ ರಾತ್ರಿಯ ತೊಂದರೆಯ ಬೇರು ಅಡಗಿತ್ತು.

ಕಾರಣವನ್ನು ತಿಳಿಯಲು ಓಮ್‌ನ ನಿಯಮ ಸಾಕು. ತಂತಿ ಎಷ್ಟೇ ಒಳ್ಳೆಯದಾದರೂ ಅದಕ್ಕೆ ಸ್ವಲ್ಪ ರೋಧವಿದ್ದೇ ಇರುತ್ತದೆ. ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು 0.0172 ಓಮ್. ದಂಪತಿಗಳ ಗಾಡಿಯಲ್ಲಿ ತಂತಿಯ ದಪ್ಪ 4 ಚದರ ಮಿಲಿಮೀಟರ್. ಹಿಂಬದಿಯ ನಿಯಂತ್ರಕದಿಂದ ಮುಂದಿನ ಬ್ಯಾಟರಿಗೆ ಅಂಚು ಮೂಲೆಗಳನ್ನು ಬಳಸಿ ಬರುವ ದಾರಿ 4 ಮೀಟರ್. ವಿದ್ಯುತ್ತು ಹೋಗಲೊಂದು ತಂತಿ, ಮರಳಲೊಂದು ತಂತಿ. ಒಟ್ಟು 8 ಮೀಟರ್. 0.0172ನ್ನು 8ರಿಂದ ಗುಣಿಸಿ 4ರಿಂದ ಭಾಗಿಸಿದರೆ 0.0344 ಓಮ್ ಬರುತ್ತದೆ. ಅದರಲ್ಲಿ 10 ಆಂಪಿಯರ್ ಪ್ರವಾಹ ಹರಿದರೆ ದಾರಿಯಲ್ಲಿ ಕಳೆದುಹೋಗುವುದು ಸುಮಾರು 0.34 ವೋಲ್ಟ್. ಮೀಟರು ತೋರಿಸಿದ ಅಂತರವೂ ಅಷ್ಟೇ.

ನಷ್ಟವಾದ ಶಕ್ತಿಯನ್ನು ಲೆಕ್ಕ ಹಾಕಿದರೆ ಅದು ಬರಿಯ 3.4 ವ್ಯಾಟ್, 200 ವ್ಯಾಟಿನ ಎದುರಿಗೆ ಗಣನೆಗೆ ಬಾರದಷ್ಟು. ಹಾಗಿದ್ದರೂ ಕೇಡಾಯಿತು. ಏಕೆಂದರೆ ಇಲ್ಲಿ ಕೆಟ್ಟುದು ಶಕ್ತಿಯಲ್ಲ, ತೀರ್ಮಾನ. ನಿಯಂತ್ರಕವು ಬ್ಯಾಟರಿಯನ್ನು ಮೂರು ಘಟ್ಟಗಳಲ್ಲಿ ತುಂಬುತ್ತದೆ. ಮೊದಲನೆಯದರಲ್ಲಿ ಫಲಕದಿಂದ ಬಂದುದನ್ನೆಲ್ಲ ಒಳಬಿಡುತ್ತದೆ. ವೋಲ್ಟೇಜು 14.4ನ್ನು ಮುಟ್ಟಿದೊಡನೆ ಎರಡನೆಯ ಘಟ್ಟ. ಆಗ ವೋಲ್ಟೇಜನ್ನು ಅಲ್ಲಿಯೇ ಹಿಡಿದು ನಿಲ್ಲಿಸಿ, ಪ್ರವಾಹವನ್ನು ಮೆಲ್ಲಮೆಲ್ಲನೆ ಇಳಿಯಗೊಡುತ್ತದೆ. ಕೊನೆಯದರಲ್ಲಿ 13.6 ವೋಲ್ಟಿನ ಸುಮಾರಿಗೆ ಇಳಿದು, ತುಂಬಿದ ಬ್ಯಾಟರಿಯನ್ನು ಬರಿದೆ ಕಾಯುತ್ತದೆ. ಈ ನಿಯಂತ್ರಕವು ಅಳೆಯುವುದು ತನ್ನ ತುದಿಗಳಲ್ಲಿರುವ ವೋಲ್ಟೇಜನ್ನೇ ಹೊರತು ದೂರದ ಬ್ಯಾಟರಿಯದನ್ನಲ್ಲ. ಆದುದರಿಂದ ಬ್ಯಾಟರಿಯಲ್ಲಿ 14.06 ಇರುವಾಗಲೇ ಮೊದಲ ಘಟ್ಟ ಮುಗಿಯಿತೆಂದು ಅದು ತಿಳಿಯಿತು. ಪ್ರವಾಹ ಇಳಿದಂತೆ ತಂತಿಯ ನಷ್ಟವೂ ಇಳಿಯುತ್ತದೆ, ನಿಜ. ಸಾಕಷ್ಟು ಹೊತ್ತು ಸಿಕ್ಕಿದ್ದರೆ ಬ್ಯಾಟರಿ ತುಂಬುತ್ತಿತ್ತು. ಆದರೆ ಡಿಸೆಂಬರಿನಲ್ಲಿ ಅಲ್ಲಿಯ ಹಗಲು ಸುಮಾರು ಹತ್ತೇ ಗಂಟೆ. ಮೇಲಾಗಿ ಕೆಲವು ನಿಯಂತ್ರಕಗಳು ಎರಡನೆಯ ಘಟ್ಟವನ್ನು ಗಡಿಯಾರದ ಲೆಕ್ಕದಲ್ಲಿ ಮುಗಿಸಿಬಿಡುತ್ತವೆ. ಹೀಗೆ ಹೊಟ್ಟೆ ತುಂಬುವ ಮೊದಲೇ ಎಲೆ ಎತ್ತಿದಂತಾಯಿತು.

ಒಂದು ದಿನದ ಕೊರತೆಯಾದರೆ ಮರುದಿನ ತುಂಬಬಹುದು. ದಿನದಿನವೂ ಅರೆಹೊಟ್ಟೆಯಾದರೆ ಬ್ಯಾಟರಿಗೆ ರೋಗ ಹತ್ತುತ್ತದೆ. ಬ್ಯಾಟರಿಯು ವಿದ್ಯುತ್ತನ್ನು ಕೊಡುವಾಗ ಅದರೊಳಗಿನ ಸೀಸದ ತಗಡುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತುಂಬಿದಾಗ ಮತ್ತೆ ಬಿಟ್ಟುಹೋಗುತ್ತದೆ. ಪೂರ್ತಿ ತುಂಬದೆ ವಾರಗಟ್ಟಲೆ ಉಳಿದರೆ ಅದೇ ಸಲ್ಫೇಟ್ ಗಟ್ಟಿಯಾದ ಹರಳಾಗಿ ತಗಡಿನ ಒಂದು ಭಾಗವನ್ನು ನಿರುಪಯುಕ್ತಗೊಳಿಸುತ್ತದೆ. ಗಂಡನ ಊಹೆ ಅಷ್ಟರಮಟ್ಟಿಗೆ ಸುಳ್ಳಲ್ಲ. ಬ್ಯಾಟರಿಯು ಹಳತಾಗುತ್ತಿತ್ತು. ಅದನ್ನು ಹಳತು ಮಾಡುತ್ತಿದ್ದುದು ನಿಯಂತ್ರಕದ ಜಾಗ.

ಹಾಗಾದರೆ ನಿಯಂತ್ರಕಕ್ಕೆ ತಕ್ಕ ಜಾಗ ಯಾವುದು? ಫಲಕದ ಪಕ್ಕದಲ್ಲಿ, ಮಾಡಿನ ಮೇಲೆ ಇಡಬಹುದೇ? ಅದು ಬ್ಯಾಟರಿಯಿಂದ ಇನ್ನೂ ದೂರ. ಮಳೆಯ ಕಾಟ ಬೇರೆ. ಸುಡುವ ಬಿಸಿಲಿನಲ್ಲಿ ಫಲಕವು ಸುತ್ತಲ ಗಾಳಿಗಿಂತ 20-30 ಡಿಗ್ರಿ ಹೆಚ್ಚಾಗಿಯೇ ಕಾಯುತ್ತದೆ. ನಿಯಂತ್ರಕವು ತಾನೇ ಬಿಸಿಯಾಗುವ ಯಂತ್ರ; ಸುತ್ತಲ ಗಾಳಿ ತೀರ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ಅದು ಕೆಲಸವನ್ನೇ ತಗ್ಗಿಸುತ್ತದೆ.

ಬ್ಯಾಟರಿಯ ಪೆಟ್ಟಿಗೆಯೊಳಗೇ ಕೂಡಿಸಿದರೆ ಹೇಗೆ? ಇದಕ್ಕಿಂತ ಹತ್ತಿರದ ಜಾಗವಿಲ್ಲ. ಇದಕ್ಕಿಂತ ಅಪಾಯದ ಜಾಗವೂ ಇಲ್ಲ. ನೀರು ಹಾಕುವ ಸೀಸದ ಬ್ಯಾಟರಿಯು ತುಂಬುತ್ತ ಬಂದಂತೆ ಜಲಜನಕ ಮತ್ತು ಆಮ್ಲಜನಕಗಳನ್ನು ಹೊರಬಿಡುತ್ತದೆ. ಗಾಳಿಯಲ್ಲಿ ಜಲಜನಕವು ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಅದು ಹೊತ್ತಿಕೊಳ್ಳಬಲ್ಲದು. ಗಂಧಕಾಮ್ಲದ ಸೂಕ್ಷ್ಮ ತುಂತುರು ಲೋಹದ ತುದಿಗಳನ್ನು ತಿಂದುಹಾಕುತ್ತದೆ. ಅಡುಗೆಯ ಅನಿಲದ ಸಿಲಿಂಡರ್ ಇಡುವ ಗೂಡೂ ಇದೇ ಕಾರಣದಿಂದ ವರ್ಜ್ಯ. ಜಲಜನಕ ಹಗುರ, ಮೇಲಕ್ಕೇರುತ್ತದೆ. ಆದುದರಿಂದ ಬ್ಯಾಟರಿಯ ಪೆಟ್ಟಿಗೆಗೆ ಮೇಲ್ಗಡೆ ಗಾಳಿಗಂಡಿ ಬೇಕು. ಅಡುಗೆಯ ಅನಿಲ ಗಾಳಿಗಿಂತ ಭಾರ, ಕೆಳಗಿಳಿದು ನಿಲ್ಲುತ್ತದೆ. ಅದರ ಗೂಡಿಗೆ ಗಾಳಿಗಂಡಿ ತಳದಲ್ಲಿರಬೇಕು. ಎರಡು ಕಡೆಯೂ ಕಿಡಿಗೆ ಎಡೆಗೊಡಬಾರದು.

ಪೆಟ್ಟಿಗೆಯ ಹೊರಗೆ, ಮೂಕಿಯ ಮೇಲೆಯೇ ಬಿಗಿದರೆ? ಅಲ್ಲಿ ಮಳೆ, ಧೂಳು, ಚಕ್ರಗಳಿಂದ ಸಿಡಿದು ಬರುವ ಕಲ್ಲು. ನೀರನ್ನು ತಡೆಯುವಂತೆ ಮಾಡಿದ ಕೆಲವು ನಿಯಂತ್ರಕಗಳು ಮಾತ್ರ ಇದನ್ನು ಸಹಿಸಬಲ್ಲವು.

ಇಷ್ಟನ್ನೂ ಬಿಟ್ಟರೆ ಉಳಿಯುವ ಜಾಗವೊಂದೇ: ಗಾಡಿಯ ಒಳಗೆ, ಮುಂಗೋಡೆಯ ಮೇಲೆ. ಗೋಡೆಯ ಆಚೆಗೆ ಮೂಕಿ, ಮೂಕಿಯ ಮೇಲೆ ಬ್ಯಾಟರಿ. ನಡುವಣ ತಂತಿಯ ದಾರಿ ಒಂದೇ ಮೀಟರ್. ಮಳೆಯಿಲ್ಲ, ಆಮ್ಲದ ಸೋಂಕಿಲ್ಲ. ದಂಪತಿಗಳು ನಿಯಂತ್ರಕವನ್ನು ಅಲ್ಲಿಗೆ ವರ್ಗಾಯಿಸಿದರು. ಹಾಗೆ ಮಾಡಿದುದರಿಂದ ಮಾಡಿನ ಫಲಕದಿಂದ ನಿಯಂತ್ರಕಕ್ಕೆ ಬರುವ ತಂತಿ ಉದ್ದವಾಯಿತಲ್ಲ ಎಂದು ಕೇಳಬಹುದು. ಆದರೆ ಆ ಕಡೆಯ ನಷ್ಟ ತೀರ್ಮಾನವನ್ನು ಕೆಡಿಸದು. ಇಂಥ ಫಲಕವು ಹುರುಪಿನಿಂದ ದುಡಿಯುವಾಗ ಸುಮಾರು 18 ವೋಲ್ಟಿನಲ್ಲಿ ವಿದ್ಯುತ್ತನ್ನು ಕೊಡುತ್ತದೆ. ಚೆನ್ನಾಗಿ ಕಾದಾಗಲೂ 15-16 ವೋಲ್ಟ್ ಇರುತ್ತದೆ. ಅಲ್ಲಿ ಕಾಲು ಅರ್ಧ ವೋಲ್ಟ್ ಹೋದರೂ ಬ್ಯಾಟರಿಗೆ ಬೇಕಾದುದಕ್ಕಿಂತ ಹೆಚ್ಚೇ ಉಳಿಯುತ್ತದೆ. ಉದ್ದವಾಗಲೇಬೇಕಾದ ತಂತಿಯನ್ನು ಫಲಕದ ಕಡೆಗೆ ಬಿಟ್ಟು, ಬ್ಯಾಟರಿಯ ಕಡೆಯದನ್ನು ಗಿಡ್ಡವಾಗಿಡುವುದೇ ಇಲ್ಲಿಯ ಸೂತ್ರ. ಒಂದು ಮೀಟರಿನ ದಾರಿಯಲ್ಲಿ ನಷ್ಟವು 0.34ರಿಂದ 0.09 ವೋಲ್ಟಿಗೆ ಇಳಿಯಿತು.

ಜಾಗ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಿಯಂತ್ರಕವನ್ನು ನೆಟ್ಟಗೆ ನಿಲ್ಲಿಸಿ ಬಿಗಿದರು. ಅದರ ಬೆನ್ನಿನ ಲೋಹದ ಏಣುಗಳ ನಡುವೆ ಬಿಸಿಗಾಳಿ ಮೇಲಕ್ಕೆ ಹರಿಯಬೇಕು. ಆದುದರಿಂದ ಮೇಲೂ ಕೆಳಗೂ ಒಂದೊಂದು ಗೇಣು ತೆರವು ಬಿಟ್ಟರು. ಹಾಸಿಗೆ ಹೊದಿಕೆಗಳು ತಾಗದಂತೆ ಎತ್ತರದಲ್ಲಿ ಇಟ್ಟರು. ಗೋಡೆಯ ಹೊರತಗಡನ್ನು ತೂತುಮಾಡಿ ನೀರಿಗೆ ದಾರಿ ಮಾಡದಂತಹ ಗಿಡ್ಡ ತಿರುಪುಗಳನ್ನು ಬಳಸಿದರು. ಗಾಡಿಯ ಕುಲುಕಾಟಕ್ಕೆ ತಂತಿ ಜಗ್ಗಿ ಸಡಿಲವಾಗದಂತೆ ಅಲ್ಲಲ್ಲಿ ಪಟ್ಟಿ ಹಾಕಿ ಹಿಡಿಸಿದರು. ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಕೂಡಿಸಿದರು. ಎರಡು ತಂತಿಗಳು ತಾಗಿಕೊಂಡರೆ ಬ್ಯಾಟರಿಯು ಕ್ಷಣಮಾತ್ರದಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತುಂಡಿಗೆ ಕಾವಲಿಲ್ಲವಾದ್ದರಿಂದ ಆ ತುಂಡು ಆದಷ್ಟು ಚಿಕ್ಕದಿರಬೇಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಚ್ಚುವಾಗ ಮೊದಲು ಫಲಕ. ಕೆಲಸ ಮುಗಿಯುವವರೆಗೆ ಫಲಕಗಳಿಗೆ ದಪ್ಪ ಬಟ್ಟೆ ಹೊದಿಸಿದರು. ಸೂರ್ಯನಿಗೆ ಗುಂಡಿಯಿಲ್ಲ, ಒತ್ತಿ ಆರಿಸುವಂತಿಲ್ಲ.

ಹೊಸ ಜಾಗಕ್ಕೂ ಎರಡು ಕೊರತೆಗಳಿದ್ದವು. ಒಂದು, ಅಂಕಿಗಳು ಈಗ ಅಡುಗೆಕಟ್ಟೆಯಿಂದ ಕಾಣುತ್ತಿರಲಿಲ್ಲ. ಅದಕ್ಕೆ ತಂತಿಯಿಂದ ಸೇರಿಸಿದ ಸಣ್ಣದೊಂದು ತೋರುಫಲಕವನ್ನು ಹಿಂಬದಿಯಲ್ಲಿ ಇಟ್ಟುಕೊಂಡರು. ಎರಡನೆಯದು ಗಂಭೀರವಾದುದು. ಚಳಿಯಲ್ಲಿರುವ ಬ್ಯಾಟರಿಗೆ ತುಂಬಲು ಹೆಚ್ಚು ವೋಲ್ಟೇಜು ಬೇಕು. ಸೀಸದ ಬ್ಯಾಟರಿಯ ಒಂದೊಂದು ಕೋಶಕ್ಕೆ ಪ್ರತಿ ಡಿಗ್ರಿಗೂ ಸುಮಾರು 4 ಮಿಲಿವೋಲ್ಟ್. ಆರು ಕೋಶಗಳಿಗೆ 24. ಬ್ಯಾಟರಿಯು 25 ಡಿಗ್ರಿಗಿಂತ 10 ಡಿಗ್ರಿ ತಣ್ಣಗಿದ್ದರೆ 0.24 ವೋಲ್ಟ್ ಹೆಚ್ಚಿಗೆ ಕೊಡಬೇಕು. ನಿಯಂತ್ರಕವು ಬೆಚ್ಚನೆಯ ಕೋಣೆಯಲ್ಲಿ, ಬ್ಯಾಟರಿಯು ಹೊರಗಿನ ಚಳಿಯಲ್ಲಿ! ಒಳಗೆ ಕುಳಿತವನು ಹೊರಗಿನವನ ಚಳಿಯನ್ನು ಅರಿಯುವುದೆಂತು? ಇದಕ್ಕೂ ಉಪಾಯವುಂಟು. ಉಷ್ಣವನ್ನರಿಯುವ ಸಣ್ಣ ಗುಂಡಿಯೊಂದನ್ನು ಬ್ಯಾಟರಿಯ ಮೈಗೆ ಅಂಟಿಸಿ, ಅದರ ಎಳೆಯನ್ನು ನಿಯಂತ್ರಕಕ್ಕೆ ಸೇರಿಸಿದರು.

ಬ್ಯಾಟರಿ ಒಮ್ಮೆಗೇ ಚೇತರಿಸಿಕೊಳ್ಳಲಿಲ್ಲ. ಹರಳುಗಟ್ಟಿದ ಸಲ್ಫೇಟ್ ಎಲ್ಲವೂ ಬಿಡುವುದಿಲ್ಲ. ಕಳೆದುಕೊಂಡ ಬಲದಲ್ಲಿ ಒಂದು ಪಾಲು ಮರಳಲಿಲ್ಲ. ಉಳಿದ ಬಲವು ರಾತ್ರಿಗೆ ಸಾಲುವಷ್ಟಿತ್ತು. ಕೆಲವು ದಿನಗಳ ಮೇಲೆ ಹೆಂಡತಿಗೆ ಮತ್ತೆ ಮೂರು ಗಂಟೆಗೆ ಎಚ್ಚರವಾಯಿತು. ಕಿವಿಗೊಟ್ಟರು. ಯಂತ್ರ ಮೆಲ್ಲನೆ ಊದುತ್ತಿತ್ತು. ಗಂಡನ ಉಸಿರು ಒಂದೇ ಸಮನಾಗಿತ್ತು. ಅವರು ಮಗ್ಗುಲು ಬದಲಿಸಿ ಮಲಗಿದರು.

ಹಿಂಬದಿಯಲ್ಲಿದ್ದಾಗ ಆ ನಿಯಂತ್ರಕವು ಸುಳ್ಳು ಹೇಳಿರಲಿಲ್ಲ. ತಾನು ನಿಂತ ಜಾಗದ ನಿಜವನ್ನು ಅದು ತಪ್ಪಿಲ್ಲದೆ ಹೇಳಿತ್ತು. ಆ ನಿಜವನ್ನು ಬೇರೊಂದು ಜಾಗದ ನಿಜವೆಂದು ಬಗೆದುದೇ ತಪ್ಪು. ಪಶ್ಚಿಮ ಘಟ್ಟದ ಒಂಟಿಮನೆಗಳಲ್ಲಿಯೂ ಇಂದು ಹೆಂಚಿನ ಮಾಡಿನ ಮೇಲೆ ಸೌರಫಲಕ, ಮೂಲೆಯಲ್ಲಿ ಬ್ಯಾಟರಿ, ಗೋಡೆಯ ಮೇಲೆ ನಿಯಂತ್ರಕ ಕಾಣುತ್ತವೆ. ಒಲೆಯ ಹೊಗೆಗೂ ಬಚ್ಚಲ ಹಬೆಗೂ ದೂರವಾಗಿ, ಬ್ಯಾಟರಿಗೆ ಹತ್ತಿರವಾಗಿ ಅದನ್ನು ನಿಲ್ಲಿಸಿದ ಮನೆಯಲ್ಲಿ ಓದುವ ಮಕ್ಕಳಿಗೆ ಮಳೆಗಾಲದ ಮೋಡದ ದಿನಗಳಲ್ಲಿಯೂ ದೀಪ ಒಂದಿಷ್ಟು ಹೆಚ್ಚು ಹೊತ್ತು ಉರಿಯುತ್ತದೆ. ನೀರುಗಂಟಿ ಕಾಲುವೆಯುದ್ದಕ್ಕೂ ನಡೆದು ಕೊನೆಯ ಗದ್ದೆಯ ಬದುವಿಗೆ ಹೋಗಿ ನಿಲ್ಲುತ್ತಿದ್ದುದು ಇದಕ್ಕಾಗಿಯೇ.

ಅಭ್ಯಾಸ

1. ನಿಯಂತ್ರಕವನ್ನು ನೀರುಗಂಟಿಗೆ ಹೋಲಿಸಿರುವುದು ಹೇಗೆ ಹೊಂದುತ್ತದೆ? ವಿವರಿಸಿ.
2. ತಂತಿಯಲ್ಲಿ ನಷ್ಟವಾದ ಶಕ್ತಿ ಅಲ್ಪವಾಗಿದ್ದರೂ ಬ್ಯಾಟರಿ ತುಂಬದಿರಲು ಕಾರಣವೇನು?
3. ಬ್ಯಾಟರಿಯ ಪೆಟ್ಟಿಗೆಗೆ ಮೇಲ್ಗಡೆಯೂ ಅನಿಲದ ಗೂಡಿಗೆ ತಳದಲ್ಲಿಯೂ ಗಾಳಿಗಂಡಿ ಬೇಕು, ಏಕೆ?
4. ತಂತಿಯ ದಪ್ಪವನ್ನು 4ರ ಬದಲು 8 ಚದರ ಮಿಲಿಮೀಟರ್ ಮಾಡಿದ್ದರೆ ಹಳೆಯ ಜಾಗದಲ್ಲಿ ಎಷ್ಟು ವೋಲ್ಟ್ ನಷ್ಟವಾಗುತ್ತಿತ್ತು? ಲೆಕ್ಕ ಮಾಡಿ.
5. ‘ತಾನು ನಿಂತ ಜಾಗದ ನಿಜವನ್ನು ಅದು ತಪ್ಪಿಲ್ಲದೆ ಹೇಳಿತ್ತು.’ ಈ ಮಾತಿನ ಸ್ವಾರಸ್ಯವನ್ನು ನಿಮ್ಮ ಅನುಭವದ ಒಂದು ಉದಾಹರಣೆಯೊಂದಿಗೆ ಬರೆಯಿರಿ.